ವಿಳಾಸ ಬೇರೆ, ಗುರುತು ಬೇರೆ

ಮಗುವೊಂದು ಒಂದನೆಯ ತರಗತಿಗೆ ಸೇರಿದ ದಿನ ಶಾಲೆಯ ಪ್ರವೇಶ ದಾಖಲೆ ಪುಸ್ತಕದಲ್ಲಿ ಅದಕ್ಕೊಂದು ಸಂಖ್ಯೆ ದೊರೆಯುತ್ತದೆ. ಪೋಷಕರು ಅದನ್ನು ಅಡ್ಮಿಶನ್ ನಂಬರ್ ಎಂದೇ ಬಲ್ಲರು. ಹಾಜರಿ ಪಟ್ಟಿಯ ಕ್ರಮಸಂಖ್ಯೆ ವರ್ಷಕ್ಕೊಮ್ಮೆ ಬದಲಾಗುತ್ತದೆ. ಕುಟುಂಬವು ಬಾಡಿಗೆ ಮನೆ ಬದಲಿಸಿದರೆ ವಿಳಾಸವೂ ಬದಲಾಗುತ್ತದೆ. ಕನ್ನಡದಲ್ಲಿ ಬರೆದ ಹೆಸರು ಮಲೆಯಾಳದ ಕಡತದಲ್ಲಿ ಒಂದು ರೀತಿ, ಇಂಗ್ಲಿಷಿನ ಕಡತದಲ್ಲಿ ಮತ್ತೊಂದು ರೀತಿ ಕಾಣಿಸಿಕೊಳ್ಳುವುದಂತೂ ಗಡಿನಾಡಿನ ಮನೆಮನೆಯ ಅನುಭವ. ಇವೆಲ್ಲ ಬದಲಾದರೂ ಅಡ್ಮಿಶನ್ ನಂಬರ್ ಮಾತ್ರ ಬದಲಾಗುವುದಿಲ್ಲ. ಇಪ್ಪತ್ತು ವರ್ಷಗಳ ಬಳಿಕ ಹಳೆ ವಿದ್ಯಾರ್ಥಿಯು ಜನ್ಮ ದಿನಾಂಕದ ಪುರಾವೆಗಾಗಿ ಬಂದಾಗ ಮುಖ್ಯೋಪಾಧ್ಯಾಯರು ಹುಡುಕುವುದು ಅದೇ ಸಂಖ್ಯೆಯನ್ನು.

ಇಂತಹ ಪುಸ್ತಕಗಳು ಈಗ ಒಂದೊಂದಾಗಿ ಯಂತ್ರದೊಳಗೆ ಸೇರುತ್ತಿವೆ. ಹಳೆಯ ರಿಜಿಸ್ಟರುಗಳ ಪುಟಗಳನ್ನು ಸ್ಕ್ಯಾನ್ ಮಾಡಿ, ವಾರ್ಷಿಕ ಸಂಚಿಕೆಗಳನ್ನೂ ಛಾಯಾಚಿತ್ರಗಳನ್ನೂ ಜೊತೆಗೂಡಿಸಿ, ಡಿಸ್ಕುಗಳಿರುವ ಪೆಟ್ಟಿಗೆಯೊಂದರಲ್ಲಿ ಶೇಖರಿಸಿ, ಅದನ್ನು ಶಾಲೆಯ ಕಂಪ್ಯೂಟರ್ ಜಾಲಕ್ಕೆ ಜೋಡಿಸುವ ಕ್ರಮ ರೂಢಿಗೆ ಬರುತ್ತಿದೆ. ಜೋಡಿಸಲು ಬಂದ ತಂತ್ರಜ್ಞರು ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಸಿ ಹೊರಡುತ್ತಾರೆ. ಆ ಹೊತ್ತಿನಲ್ಲಿ ಅವರು ಪೆಟ್ಟಿಗೆಗೆ ಕೊಟ್ಟ ವಿಳಾಸ ಯಾವುದು, ಅದರ ಗುರುತು ಯಾವುದು ಎಂದು ವಿಚಾರಿಸುವ ಆಡಳಿತ ಸಮಿತಿಗಳು ವಿರಳ. ವಿಳಾಸವು ವಸ್ತು ಎಲ್ಲಿದೆ ಎಂಬುದನ್ನು ಹೇಳುತ್ತದೆ. ಗುರುತು ಅದು ಯಾವುದು ಎಂಬುದನ್ನು ಹೇಳುತ್ತದೆ. ಇವೆರಡನ್ನು ಬೆರೆಸಿದಲ್ಲಿ ದಾಖಲೆಗಳು ಕಾಣದಂತಾಗಬಹುದು, ಕೆಡಬಹುದು. ಕೆಡದೆ ಉಳಿದರೂ ಅವು ಇಂತಹ ಯಂತ್ರದಿಂದಲೇ ಬಂದವೆಂದು ನ್ಯಾಯಾಲಯದಲ್ಲಿ ತೋರಿಸಿಕೊಡುವುದು ಕಷ್ಟವಾಗಬಹುದು.

ಪೆಟ್ಟಿಗೆಯ ಒಳಗೆ

ಜಾಲಕ್ಕೆ ಜೋಡಿಸಿದ ಸಂಗ್ರಹ ಪೆಟ್ಟಿಗೆಯಲ್ಲಿ ಮುಖ್ಯವಾಗಿ ಎರಡು ಭಾಗಗಳಿವೆ. ಮಾಹಿತಿಯನ್ನು ಹಿಡಿದಿಡುವ ಡಿಸ್ಕುಗಳು ಒಂದೆಡೆ; ಯಾವ ಮಾಹಿತಿ ಯಾವ ಡಿಸ್ಕಿಗೆ ಹೋಗಬೇಕು, ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ನಿರ್ಧರಿಸುವ ಕಂಟ್ರೋಲರ್ ಇನ್ನೊಂದೆಡೆ. ಡಿಸ್ಕುಗಳು ಕಪಾಟಿನ ಖಾನೆಗಳಾದರೆ ಕಂಟ್ರೋಲರ್ ಆ ಕಪಾಟಿನ ಬೀಗದ ಕೈ ಹಿಡಿದ ಗುಮಾಸ್ತ. ಸಣ್ಣ ಪೆಟ್ಟಿಗೆಯಲ್ಲಿ ಒಬ್ಬನೇ ಗುಮಾಸ್ತನಿರುತ್ತಾನೆ. ಆಸ್ಪತ್ರೆ, ಬ್ಯಾಂಕು, ಕಾಲೇಜುಗಳಲ್ಲಿ ಬಳಸುವ ದೊಡ್ಡ ಪೆಟ್ಟಿಗೆಗಳಲ್ಲಿ ಇಬ್ಬರಿರುತ್ತಾರೆ. ಒಬ್ಬನು ಕೈಬಿಟ್ಟರೆ ಇನ್ನೊಬ್ಬನು ಕೆಲಸ ಮುಂದುವರಿಸಬೇಕೆಂಬುದು ಉದ್ದೇಶ.

ಕಂಟ್ರೋಲರಿನ ಪ್ರತಿಯೊಂದು ಕೇಬಲ್ ಕಿಂಡಿಗೂ, ಅಂದರೆ ಪೋರ್ಟಿಗೂ, ಕಾರ್ಖಾನೆಯಲ್ಲೇ ಕೊಟ್ಟ ಒಂದು ಸಂಖ್ಯೆಯಿರುತ್ತದೆ. ಅದಕ್ಕೆ ಮ್ಯಾಕ್ ಸಂಖ್ಯೆ ಎಂದು ಹೆಸರು. ಇದು 48 ಬಿಟ್ಟುಗಳ ಸಂಖ್ಯೆ. ಹದಿನಾರರ ಎಣಿಕೆಯಲ್ಲಿ ಬರೆದಾಗ 12 ಅಂಕಗಳಾಗುತ್ತವೆ. ಸಾಮಾನ್ಯವಾಗಿ ಮೊದಲ 6 ಅಂಕಗಳು ತಯಾರಕರನ್ನು ಸೂಚಿಸುತ್ತವೆ. ಅವುಗಳನ್ನು ಐಇಇಇ ಎಂಬ ಅಂತಾರಾಷ್ಟ್ರೀಯ ಎಂಜಿನಿಯರುಗಳ ಸಂಸ್ಥೆಯು ಹಂಚಿಕೊಡುತ್ತದೆ. ಉಳಿದ 6 ಅಂಕಗಳನ್ನು ತಯಾರಕರು ಒಂದೊಂದು ಪೋರ್ಟಿಗೆ ಒಂದೊಂದರಂತೆ ನೀಡುತ್ತಾರೆ. 48 ಬಿಟ್ಟುಗಳಿಂದ ಸುಮಾರು 281 ಲಕ್ಷ ಕೋಟಿ ಬೇರೆ ಬೇರೆ ಸಂಖ್ಯೆಗಳು ಸಾಧ್ಯ.

ಎರಡನೆಯದು ಐಪಿ ವಿಳಾಸ. ಇದನ್ನು ಕಾರ್ಖಾನೆಯು ಶಾಶ್ವತವಾಗಿ ಕೊಟ್ಟಿರುವುದಿಲ್ಲ. ಪೆಟ್ಟಿಗೆಯನ್ನು ಎಲ್ಲಿ ಇರಿಸಲಾಯಿತೋ ಅಲ್ಲಿನ ಜಾಲಕ್ಕೆ ಹೊಂದುವಂತೆ ಕೊಡಬೇಕು. ಹಳೆಯ ಮಾದರಿಯ ಐಪಿ ವಿಳಾಸವು 32 ಬಿಟ್ಟುಗಳದ್ದು. ಒಟ್ಟು ಸುಮಾರು 429 ಕೋಟಿ ವಿಳಾಸಗಳಷ್ಟೇ ಸಾಧ್ಯ. ಜಗತ್ತಿನ ಯಂತ್ರಗಳಿಗೆಲ್ಲ ಅದು ಸಾಲದು. ಆದುದರಿಂದ 10ರಿಂದ ಆರಂಭವಾಗುವ ವಿಳಾಸಗಳು, 172.16ರಿಂದ 172.31ರ ವರೆಗಿನವು, 192.168ರಿಂದ ಆರಂಭವಾಗುವವು, ಹೀಗೆ ಮೂರು ಗುಂಪುಗಳನ್ನು ಖಾಸಗಿ ಬಳಕೆಗೆಂದು ಮೀಸಲಿಡಲಾಗಿದೆ. 1996ರ ಆರ್‌ಎಫ್‌ಸಿ 1918 ಎಂಬ ದಾಖಲೆಯಲ್ಲಿ ಈ ವ್ಯವಸ್ಥೆಯ ವಿವರವಿದೆ. ಮಂಜೇಶ್ವರದ ಶಾಲೆಯೊಂದರಲ್ಲಿಯೂ ಸೊಲ್ಲಾಪುರದ ಅಂಗಡಿಯೊಂದರಲ್ಲಿಯೂ 192.168.1.10 ಎಂಬ ಒಂದೇ ವಿಳಾಸ ಇರಬಹುದು; ಗೋಡೆಯಾಚೆಗೆ ಅದಕ್ಕೆ ಅರ್ಥವಿಲ್ಲದ ಕಾರಣ ತೊಂದರೆಯಿಲ್ಲ. ಪ್ರತಿ ಊರಿನಲ್ಲಿಯೂ ಒಂದು ‘ಮೇಲಿನಮನೆ’ ಇರುವಂತೆಯೇ ಇದು. ಆದರೆ ಒಂದೇ ಊರಿನಲ್ಲಿ ಎರಡು ಮನೆಗಳಿಗೆ ಆ ಹೆಸರಿದ್ದರೆ ಅಂಚೆಯವನು ದಾರಿ ತಪ್ಪುತ್ತಾನೆ.

ನಾಲ್ಕು ದಾರಿ, ಒಂದು ಮನೆ

ಡೆಲ್ ಕಂಪನಿಯ ಪವರ್‌ವಾಲ್ಟ್ ಎಂಡಿ 3000ಐ ಎಂಬ ಹಳೆಯ ಪೆಟ್ಟಿಗೆಯ ಉದಾಹರಣೆಯಿಂದ ವಿಷಯ ಸ್ಪಷ್ಟವಾಗುತ್ತದೆ. ಎರಡು ಕಂಟ್ರೋಲರುಗಳಿರುವ ಮಾದರಿಯಲ್ಲಿ ಪ್ರತಿ ಕಂಟ್ರೋಲರಿಗೂ ಆಡಳಿತದ ಒಂದು ಪೋರ್ಟು, ಮಾಹಿತಿ ಸಾಗಣೆಯ ಎರಡು ಪೋರ್ಟುಗಳು. ಆಡಳಿತದ ಪೋರ್ಟುಗಳಿಗೆ ಜಾಲದಿಂದ ತಾನಾಗಿ ವಿಳಾಸ ದೊರೆಯದಿದ್ದರೆ ಅವು 192.168.128.101 ಹಾಗೂ 192.168.128.102 ಎಂಬ ವಿಳಾಸಗಳನ್ನು ಧರಿಸುತ್ತವೆ. ಮಾಹಿತಿಯ ಪೋರ್ಟುಗಳಿಗೆ ತಯಾರಕರು ಮೊದಲೇ ನಿಗದಿಪಡಿಸಿದ ವಿಳಾಸಗಳು ಹೀಗಿವೆ: ಮೊದಲ ಕಂಟ್ರೋಲರಿಗೆ 192.168.130.101 ಮತ್ತು 192.168.131.101, ಎರಡನೆಯದಕ್ಕೆ 192.168.130.102 ಮತ್ತು 192.168.131.102.

ಈ ಅಂಕಿಗಳಲ್ಲಿ ಒಂದು ವಿವೇಕವಿದೆ. ಕೊನೆಯ ಅಂಕಿಯಾದ 101 ಅಥವಾ 102 ಯಾವ ಕಂಟ್ರೋಲರ್ ಎಂಬುದನ್ನು ತಿಳಿಸುತ್ತದೆ. ಅದರ ಹಿಂದಿನ 130 ಅಥವಾ 131 ಯಾವ ಬೀದಿ ಎಂಬುದನ್ನು ತಿಳಿಸುತ್ತದೆ. ಜಾಲದ ಭಾಷೆಯಲ್ಲಿ ಬೀದಿಗೆ ಸಬ್‌ನೆಟ್ ಎಂದು ಹೆಸರು. ಪ್ರತಿ ಬೀದಿಗೂ ಬೇರೆ ಸ್ವಿಚ್ ಬಳಸಿದಲ್ಲಿ, ಒಂದು ಸ್ವಿಚ್ ಕೆಟ್ಟರೂ ಇನ್ನೊಂದು ಬೀದಿಯಿಂದ ಎರಡೂ ಕಂಟ್ರೋಲರುಗಳನ್ನು ತಲಪಬಹುದು. ಒಂದು ಕಂಟ್ರೋಲರ್ ಕೆಟ್ಟರೂ ಇನ್ನೊಂದನ್ನು ಎರಡೂ ಬೀದಿಗಳಿಂದ ತಲಪಬಹುದು. ಈ ತತ್ತ್ವ ತಿಳಿಯದೆ ನಾಲ್ಕೂ ಪೋರ್ಟುಗಳಿಗೆ ಒಂದೇ ಬೀದಿಯ ವಿಳಾಸ ಕೊಟ್ಟು ಒಂದೇ ಸ್ವಿಚ್ಚಿಗೆ ಜೋಡಿಸಿದರೆ ಕೆಲಸವೇನೋ ನಡೆದೀತು. ಆದರೆ ಆ ಸ್ವಿಚ್ಚಿನ ವಿದ್ಯುತ್ ಹೋದ ದಿನ ನಾಲ್ಕು ದಾರಿಗಳೂ ಒಟ್ಟಿಗೆ ಮುಚ್ಚುತ್ತವೆ.

ನಿಗದಿತ ವಿಳಾಸಗಳನ್ನು ಹಾಗೆಯೇ ಬಿಡುವುದರಲ್ಲಿ ಇನ್ನೊಂದು ಅಪಾಯವಿದೆ. ಅದೇ ಮಾದರಿಯ ಮತ್ತೊಂದು ಪೆಟ್ಟಿಗೆಯನ್ನು ಅದೇ ಜಾಲಕ್ಕೆ ತಂದಾಗ ಅದೂ ಅದೇ ವಿಳಾಸಗಳನ್ನು ಧರಿಸಿಕೊಂಡು ಬಂದಿರುತ್ತದೆ. ಒಂದೇ ವಿಳಾಸಕ್ಕೆ ಇಬ್ಬರು ಉತ್ತರಿಸಲು ಆರಂಭಿಸಿದೊಡನೆ ಸಂಪರ್ಕವು ಒಮ್ಮೆ ಇತ್ತ, ಒಮ್ಮೆ ಅತ್ತ ವಾಲುತ್ತದೆ. ಆದುದರಿಂದ ಹೊಸ ಪೆಟ್ಟಿಗೆಯನ್ನು ಮೊದಲು ಒಂದೇ ಕಂಪ್ಯೂಟರಿಗೆ ಪ್ರತ್ಯೇಕವಾಗಿ ಜೋಡಿಸಿ, ವಿಳಾಸ ಬದಲಿಸಿ, ಬರೆದಿಟ್ಟುಕೊಂಡು, ಅನಂತರವೇ ಜಾಲಕ್ಕೆ ಸೇರಿಸುವುದು ಸರಿಯಾದ ಕ್ರಮ.

ವಿಳಾಸಗಳ ಕಥೆ ಇಷ್ಟು. ಈಗ ಗುರುತಿನ ಪ್ರಶ್ನೆ. ನಾಲ್ಕು ವಿಳಾಸಗಳಿಂದ ಉತ್ತರ ಬಂದಾಗ, ಅದು ನಾಲ್ಕು ಪೆಟ್ಟಿಗೆಗಳೋ ಒಂದೇ ಪೆಟ್ಟಿಗೆಯೋ ಎಂಬುದನ್ನು ಎದುರಿನ ಸರ್ವರ್ ಹೇಗೆ ತಿಳಿಯಬೇಕು? ವಿಳಾಸದಿಂದ ತಿಳಿಯಲಾರದು. ಅದಕ್ಕಾಗಿ ಪೆಟ್ಟಿಗೆಗೆ ವಿಳಾಸವನ್ನು ಅವಲಂಬಿಸದ ಹೆಸರೊಂದು ಬೇಕು. ಜಾಲದ ಮೂಲಕ ಡಿಸ್ಕನ್ನು ಬಳಸುವ ಐಸ್ಕಜಿ ಎಂಬ ಪದ್ಧತಿಯಲ್ಲಿ ಈ ಹೆಸರಿಗೆ ಐಕ್ಯೂಎನ್ ಎನ್ನುತ್ತಾರೆ. ಅದರ ನಿಯಮಗಳನ್ನು 2004ರಲ್ಲಿ ಆರ್‌ಎಫ್‌ಸಿ 3720 ಎಂಬ ದಾಖಲೆಯಾಗಿ ಪ್ರಕಟಿಸಲಾಯಿತು. ಎಂಡಿ 3000ಐ ಪೆಟ್ಟಿಗೆಯು ನಾಲ್ಕು ಪೋರ್ಟುಗಳಿಂದಲೂ ಒಂದೇ ಐಕ್ಯೂಎನ್ ಹೇಳುತ್ತದೆ. ಒಳಗಿನ ಪ್ರತಿಯೊಂದು ಡಿಸ್ಕ್ ವಿಭಾಗಕ್ಕೂ ಪ್ರತ್ಯೇಕವಾದ ವಿಶಿಷ್ಟ ಸಂಖ್ಯೆಯಿರುತ್ತದೆ. ಸರ್ವರಿನಲ್ಲಿರುವ ಮಲ್ಟಿಪಾಥ್ ತಂತ್ರಾಂಶವು ಆ ಸಂಖ್ಯೆಯನ್ನು ಹೋಲಿಸಿ ನೋಡಿ, ನಾಲ್ಕು ದಾರಿಗಳಿಂದ ಕಾಣುವ ನಾಲ್ಕು ಡಿಸ್ಕುಗಳು ವಾಸ್ತವದಲ್ಲಿ ಒಂದೇ ಎಂದು ತಿಳಿಯುತ್ತದೆ. ಒಂದು ದಾರಿ ಮುಚ್ಚಿದಾಗ ಇನ್ನೊಂದರಲ್ಲಿ ಹೋಗುವ ಧೈರ್ಯ ಅದಕ್ಕೆ ಬರುವುದು ಈ ಗುರುತಿನಿಂದಲೇ.

ದಿನಾಂಕ ಹೊತ್ತ ಹೆಸರು

ಐಕ್ಯೂಎನ್ ಹೆಸರಿನ ರಚನೆಯು ಕಾನೂನು ಓದಿದವರಿಗೂ ಮೆಚ್ಚುಗೆಯಾಗುವಂತಹದು. ಮೊದಲು ಐಕ್ಯೂಎನ್ ಎಂಬ ಮೂರು ಅಕ್ಷರಗಳು, ಬಳಿಕ ವರ್ಷ ಮತ್ತು ತಿಂಗಳು, ಬಳಿಕ ಹೆಸರು ಕೊಡುವ ಸಂಸ್ಥೆಯ ಜಾಲತಾಣದ ಹೆಸರು ಹಿಂದುಮುಂದಾಗಿ, ಕೊನೆಗೆ ಆ ಸಂಸ್ಥೆಯು ಕೊಟ್ಟ ಪ್ರತ್ಯೇಕ ಹೆಸರು. ವಿಂಡೋಸ್ ಕಂಪ್ಯೂಟರುಗಳ ಹೆಸರಿನಲ್ಲಿ ಮೈಕ್ರೋಸಾಫ್ಟಿನ ಹೆಸರಿನ ಹಿಂದೆ 1991-05 ಎಂದಿರುತ್ತದೆ. ಆ ಕಂಪನಿಯು ತನ್ನ ಡಾಟ್ ಕಾಮ್ ಹೆಸರನ್ನು ನೋಂದಾಯಿಸಿದ್ದು 1991ರ ಮೇ ತಿಂಗಳಿನಲ್ಲಿ.

ದಿನಾಂಕವೇಕೆ ಬೇಕು? ಜಾಲತಾಣದ ಹೆಸರು ಜಾಗದಂತೆ ಕೈಬದಲಾಗುವ ಸ್ವತ್ತು. ಇಂದು ಒಬ್ಬರದ್ದಾದ ಹೆಸರು ನಾಳೆ ಮಾರಾಟವಾಗಿ ಇನ್ನೊಬ್ಬರದ್ದಾಗಬಹುದು. ಹೊಸ ಒಡೆಯನು ಅದೇ ಹೆಸರಿನಡಿ ಹೊಸ ಗುರುತುಗಳನ್ನು ಕೊಡಲು ಆರಂಭಿಸಿದರೆ ಹಳೆಯವುಗಳೊಂದಿಗೆ ಘರ್ಷಣೆಯಾಗುತ್ತದೆ. ಹೆಸರು ತನ್ನ ವಶದಲ್ಲಿದ್ದ ಒಂದು ತಿಂಗಳನ್ನು ಸಂಸ್ಥೆಯು ಅದರೊಂದಿಗೆ ಬರೆದರೆ ಆ ಭಯವಿಲ್ಲ. ಇಂತಹ ದಿನದಂದು ಈ ಜಾಗದ ಹಕ್ಕುದಾರರು ಇಂತಹವರು ಎಂದು ಆಧಾರಪತ್ರದಲ್ಲಿ ಬರೆಯುವ ಕ್ರಮಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ.

ಡೆಲ್ ಪೆಟ್ಟಿಗೆಗಳ ಐಕ್ಯೂಎನ್‌ನಲ್ಲಿ ಕಾಣುವ ದಿನಾಂಕ 1984-05. ಡಾಟ್ ಕಾಮ್ ಹೆಸರುಗಳ ನೋಂದಣಿ ಆರಂಭವಾದದ್ದೇ 1985ರಲ್ಲಿ. ಆದುದರಿಂದ ಅದು ಕಂಪನಿ ಹುಟ್ಟಿದ ಕಾಲವನ್ನು ಸೂಚಿಸುತ್ತದೆಯೇ ಹೊರತು ಹೆಸರು ನೋಂದಾಯಿಸಿದ ಕಾಲವನ್ನಲ್ಲ. ನಿಯಮದ ಅಕ್ಷರ ಸ್ವಲ್ಪ ಸಡಿಲಿದರೂ ಹೆಸರು ಬೇರೆಯವರದ್ದರೊಂದಿಗೆ ಬೆರೆಯಬಾರದೆಂಬ ಉದ್ದೇಶ ನೆರವೇರಿದೆ. ಆಕಸ್ಮಿಕವೆಂಬಂತೆ ಕಾಸರಗೋಡು ಜಿಲ್ಲೆ ರೂಪುಗೊಂಡದ್ದೂ ಅದೇ 1984ರ ಮೇ ತಿಂಗಳ 24ರಂದು. ಅದಕ್ಕೆ ಮುಂಚೆ ಇಲ್ಲಿನ ಶಾಲೆಯ ವಿಳಾಸದಲ್ಲಿ ಕಣ್ಣೂರು ಜಿಲ್ಲೆ ಎಂದಿತ್ತು. 1956ರ ನವೆಂಬರ್ 1ಕ್ಕೆ ಮುಂಚೆ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆ ಎಂದಿತ್ತು. ಕಟ್ಟಡ ಗೇಣುದ್ದವೂ ಸರಿಯದೆ ವಿಳಾಸ ಬದಲಾಯಿತು. ಪ್ರವೇಶ ಪುಸ್ತಕದ ಸಂಖ್ಯೆಗಳು ಮಾತ್ರ ತಮ್ಮ ಸರದಿಯಲ್ಲಿ ಮುಂದುವರಿದವು. ಅವುಗಳ ಬಲದಿಂದಲೇ 1950ರಲ್ಲಿ ಸೇರಿದವರ ದಾಖಲೆಯೂ ಇಂದಿಗೂ ಸಿಗುತ್ತದೆ.

ಐಕ್ಯೂಎನ್ ಜೊತೆಗೆ ಅಲಿಯಾಸ್ ಎಂಬ ಇನ್ನೊಂದು ಹೆಸರಿಗೂ ನಿಯಮದಲ್ಲಿ ಅವಕಾಶವಿದೆ. ದಸ್ತಾವೇಜುಗಳಲ್ಲಿ ‘ಯಾನೆ’ ಎಂದು ಬರೆಯುವಂತೆಯೇ ಇದು. ಮನುಷ್ಯರಿಗೆ ಸುಲಭವಾಗಿ ತಿಳಿಯಲೆಂದು ಇಟ್ಟ ಹೆಸರು. ‘ಗ್ರಂಥಾಲಯದ ಪೆಟ್ಟಿಗೆ’ ಎಂದು ಕನ್ನಡದಲ್ಲಿಯೇ ಇಡಬಹುದು. ಯಂತ್ರಗಳು ಪರಸ್ಪರ ಗುರುತಿಸಲು ಅದನ್ನು ಬಳಸುವುದಿಲ್ಲ. ನಿಜವಾದ ಐಕ್ಯೂಎನ್‌ನಲ್ಲಿ ರೋಮನ್ ಅಕ್ಷರಗಳನ್ನೇ ಬಳಸುವುದು ಕ್ಷೇಮಕರ. ಅದು ಭಾಷಾಭಿಮಾನದ ಪ್ರಶ್ನೆಯಲ್ಲ. ‘ಕೊ’ ಎಂಬ ಅಕ್ಷರದಲ್ಲಿನ ಒಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು. ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಬೇರೆ ಬೇರೆ. ಇವನ್ನು ಏಕರೂಪಕ್ಕೆ ತರುವ ನಿಯಮಗಳಿದ್ದರೂ ಎಲ್ಲ ತಂತ್ರಾಂಶಗಳೂ ಅವನ್ನು ಪಾಲಿಸುತ್ತವೆ ಎಂಬ ಭರವಸೆಯಿಂದ ದಾಖಲೆಗಳನ್ನು ಪಣಕ್ಕಿಡಬಾರದು.

ಗುರುತಿನಂತೆ ಕಂಡರೂ ಗುರುತಲ್ಲದ ಸಂಖ್ಯೆಯೊಂದಿದೆ. ಅದಕ್ಕೆ ಲನ್ ಎಂದು ಹೆಸರು. ಪೆಟ್ಟಿಗೆಯೊಳಗಿನ ಡಿಸ್ಕ್ ವಿಭಾಗಗಳಿಗೆ 0, 1, 2 ಎಂದು ಕೊಡುವ ಕ್ರಮಸಂಖ್ಯೆ ಅದು. ಒಂದೇ ವಿಭಾಗವು ಒಂದು ಸರ್ವರಿಗೆ 2 ಎಂದೂ ಇನ್ನೊಂದಕ್ಕೆ 5 ಎಂದೂ ಕಾಣಬಹುದು. ಲಿನಕ್ಸ್ ಯಂತ್ರದಲ್ಲಿ ಎಸ್‌ಡಿಎ, ಎಸ್‌ಡಿಬಿ ಎಂದು ಡಿಸ್ಕುಗಳಿಗೆ ಬರುವ ಹೆಸರುಗಳೂ ಹೀಗೆಯೇ. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಅದಲುಬದಲಾಗಬಹುದು. ಇವು ಹಾಜರಿ ಪಟ್ಟಿಯ ಸಂಖ್ಯೆಗಳು, ಅಡ್ಮಿಶನ್ ನಂಬರುಗಳಲ್ಲ. ‘ಎರಡನೆಯ ಡಿಸ್ಕನ್ನು ಅಳಿಸಿ’ ಎಂದು ದೂರವಾಣಿಯಲ್ಲಿ ಹೇಳಿದ ಮಾತಿನಿಂದ ಬೇರೊಂದು ಡಿಸ್ಕ್ ಅಳಿಸಿಹೋಗುವುದು ಈ ವ್ಯತ್ಯಾಸವನ್ನು ಮರೆತಾಗ. ಡಿಸ್ಕ್ ವಿಭಾಗವನ್ನು ಅದರ ವಿಶಿಷ್ಟ ಸಂಖ್ಯೆಯಿಂದ, ಅಥವಾ ಕಡತ ವ್ಯವಸ್ಥೆಗೆ ದೊರೆಯುವ ಯುಯುಐಡಿ ಎಂಬ 128 ಬಿಟ್ಟುಗಳ ಗುರುತಿನಿಂದ ಹೆಸರಿಸಬೇಕು.

ಒಂದೇ ಹೆಸರಿನ ಇಬ್ಬರು

ಗುರುತು ಪೆಟ್ಟಿಗೆಗೆ ಮಾತ್ರವಲ್ಲ, ಅದನ್ನು ಬಳಸಲು ಬರುವ ಕಂಪ್ಯೂಟರಿಗೂ ಇರಬೇಕು. ಯಾವ ಐಕ್ಯೂಎನ್ ಹೊಂದಿದ ಕಂಪ್ಯೂಟರಿಗೆ ಯಾವ ವಿಭಾಗ ಎಂಬ ಪಟ್ಟಿಯನ್ನು ಕಂಟ್ರೋಲರಿನಲ್ಲಿ ಬರೆಯುತ್ತಾರೆ. ಲಿನಕ್ಸ್ ಯಂತ್ರದಲ್ಲಿ ಈ ಹೆಸರು ಒಂದು ಸಣ್ಣ ಕಡತದಲ್ಲಿ ಇರುತ್ತದೆ. ವಿಂಡೋಸ್ ಯಂತ್ರದಲ್ಲಿ ಕಂಪ್ಯೂಟರಿನ ಹೆಸರಿನಿಂದಲೇ ಅದು ರೂಪುಗೊಳ್ಳುತ್ತದೆ.

ತೊಂದರೆ ಆರಂಭವಾಗುವುದು ಇಲ್ಲಿ. ಶಾಲೆಗಳ ಪ್ರಯೋಗಾಲಯದಲ್ಲಿ ಒಂದು ಯಂತ್ರವನ್ನು ಸಿದ್ಧಗೊಳಿಸಿ, ಅದರ ಡಿಸ್ಕಿನ ಪಡಿಯಚ್ಚನ್ನು ಇತರ ಯಂತ್ರಗಳಿಗೆ ನಕಲು ಮಾಡುವುದು ಸಾಮಾನ್ಯ. ಶ್ರಮ ಉಳಿಯುತ್ತದೆ, ಆದರೆ ಹೆಸರಿನ ಆ ಸಣ್ಣ ಕಡತವೂ ನಕಲಾಗುತ್ತದೆ. ಆಗ ಎರಡು ಯಂತ್ರಗಳು ಒಂದೇ ಹೆಸರು ಹೇಳಿಕೊಂಡು ಕಂಟ್ರೋಲರಿನ ಬಾಗಿಲು ತಟ್ಟುತ್ತವೆ. ಕೆಲವೊಮ್ಮೆ ಕಂಟ್ರೋಲರ್ ಎರಡನೆಯದರ ಕರೆಯನ್ನು ಮೊದಲನೆಯದೇ ಮರಳಿ ಬಂದಿತೆಂದು ಭಾವಿಸಿ ಹಳೆಯ ಸಂಪರ್ಕವನ್ನು ಕಡಿದುಹಾಕುತ್ತದೆ. ಕಡಿದುಹೋದ ಯಂತ್ರ ಮತ್ತೆ ಬರುತ್ತದೆ. ಆಗ ಇನ್ನೊಂದು ಹೊರಬೀಳುತ್ತದೆ. ಇದಕ್ಕಿಂತ ಗಂಭೀರವಾದುದು ಎರಡೂ ಯಂತ್ರಗಳಿಗೆ ಒಂದೇ ವಿಭಾಗದಲ್ಲಿ ಬರೆಯುವ ಅವಕಾಶ ದೊರೆಯುವುದು. ಸಾಮಾನ್ಯ ಕಡತ ವ್ಯವಸ್ಥೆಗಳು ಒಬ್ಬನೇ ಬರೆಯುತ್ತಾನೆ ಎಂಬ ನಂಬಿಕೆಯ ಮೇಲೆ ಕಟ್ಟಲ್ಪಟ್ಟಿವೆ. ಪರಸ್ಪರ ಕಾಣದ ಇಬ್ಬರು ಗುಮಾಸ್ತರು ಒಂದೇ ರಿಜಿಸ್ಟರಿನ ಒಂದೇ ಪುಟದಲ್ಲಿ ಏಕಕಾಲಕ್ಕೆ ಬರೆದರೆ ಏನಾದೀತೋ ಇಲ್ಲಿಯೂ ಅದೇ ಆಗುತ್ತದೆ. ಡಿಸ್ಕ್ ಕೆಟ್ಟಿರುವುದಿಲ್ಲ, ಕಂಟ್ರೋಲರ್ ಕೆಟ್ಟಿರುವುದಿಲ್ಲ. ಒಳಗಿನ ದಾಖಲೆ ಕೆಟ್ಟಿರುತ್ತದೆ. ಕೆಟ್ಟದ್ದು ತಿಳಿಯುವುದೂ ಕೆಲವೊಮ್ಮೆ ತಿಂಗಳುಗಳ ಬಳಿಕ. ನಕಲು ಮಾಡಿದ ಪ್ರತಿಯೊಂದು ಯಂತ್ರಕ್ಕೂ ಹೊಸ ಹೆಸರು ಕೊಡದೆ ಅದನ್ನು ಸಂಗ್ರಹ ಪೆಟ್ಟಿಗೆಗೆ ಜೋಡಿಸಬಾರದೆಂಬುದು ಇದರಿಂದ ಸಿದ್ಧವಾಗುವ ನಿಯಮ.

ಹೆಸರು ಹೇಳಿದ ಮಾತ್ರಕ್ಕೆ ವ್ಯಕ್ತಿ ಆತನೇ ಎಂಬುದು ಸಿದ್ಧವಾಗದು. ಐಕ್ಯೂಎನ್ ಯಾರು ಬೇಕಾದರೂ ಬೆರಳಚ್ಚಿಸಬಹುದಾದ ಪಠ್ಯ. ಮ್ಯಾಕ್ ಸಂಖ್ಯೆಯನ್ನೂ ತಂತ್ರಾಂಶದ ಮೂಲಕ ಬದಲಿಸಿ ತೋರಿಸಲು ಸಾಧ್ಯ. ಆದುದರಿಂದ ಹೆಸರಿನೊಂದಿಗೆ ಗುಪ್ತಪದವನ್ನು ಪರೀಕ್ಷಿಸುವ ಚಾಪ್ ಎಂಬ ವ್ಯವಸ್ಥೆಯನ್ನು ಚಾಲೂ ಇಡಬೇಕು. ಸಂಗ್ರಹ ಪೆಟ್ಟಿಗೆಯ ಜಾಲವನ್ನು ಮಕ್ಕಳ, ಅತಿಥಿಗಳ ವೈಫೈ ಜಾಲದಿಂದ ಬೇರ್ಪಡಿಸಬೇಕು. ತಯಾರಕರು ಕೊಟ್ಟ ಆಡಳಿತದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು.

ಕಾನೂನಿನ ಕಣ್ಣಿನಲ್ಲಿ

ಗುರುತಿಸಲಾಗದ ವಸ್ತುವಿನ ಬಗ್ಗೆ ದಸ್ತಾವೇಜು ಬರೆಯಲಾಗದು ಎಂಬುದು ಭಾರತೀಯ ಕಾನೂನಿನ ಹಳೆಯ ತತ್ತ್ವ. 1908ರ ನೋಂದಣಿ ಕಾಯ್ದೆಯ 21ನೆಯ ಕಲಮಿನ ಪ್ರಕಾರ ಸ್ಥಿರಾಸ್ತಿಯ ದಸ್ತಾವೇಜಿನಲ್ಲಿ ಆ ಆಸ್ತಿಯನ್ನು ಗುರುತಿಸಲು ಸಾಕಾಗುವಷ್ಟು ವಿವರಣೆ ಇರಬೇಕು. ಪಟ್ಟಣದ ಮನೆಯಾದರೆ ಅದು ಯಾವ ಬೀದಿಗೆ ಮುಖ ಮಾಡಿದೆ, ಈಗ ಯಾರ ವಾಸದಲ್ಲಿದೆ, ಹಿಂದೆ ಯಾರ ವಾಸದಲ್ಲಿತ್ತು ಎಂಬುದನ್ನೂ, ಮನೆಗಳಿಗೆ ಸಂಖ್ಯೆಯಿದ್ದರೆ ಅದನ್ನೂ ಬರೆಯಬೇಕು. ಪಂಚಾಯತಿನ ವಾರ್ಡುಗಳು ಪುನರ್ವಿಂಗಡಣೆಯಾದಾಗ ಮನೆಯ ಸಂಖ್ಯೆ ಬದಲಾಗುತ್ತದೆ. ಮರುಸರ್ವೆಯಾದಾಗ ಸರ್ವೆ ನಂಬರ್ ಸಹ ಬದಲಾಗುತ್ತದೆ. ಚಕ್ಕುಬಂದಿ ಬರೆಯುವ ಪದ್ಧತಿಯ ಬೆಲೆ ತಿಳಿಯುವುದು ಆಗಲೇ.

ವಿದ್ಯುನ್ಮಾನ ದಾಖಲೆಗಳ ವಿಷಯದಲ್ಲಿ ಇದೇ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು ಎರಡು ಪ್ರಮುಖ ತೀರ್ಪುಗಳಲ್ಲಿ ದೃಢಪಡಿಸಿದೆ. ಎರಡೂ ಚುನಾವಣೆಗೆ ಸಂಬಂಧಿಸಿದ ಪ್ರಕರಣಗಳು. ಮೊದಲನೆಯದು ಕೇರಳದ ಅನ್ವರ್ ವಿರುದ್ಧ ಬಶೀರ್ ಪ್ರಕರಣ, 2014ರದ್ದು. ಪ್ರಮಾಣಪತ್ರವಿಲ್ಲದೆ ಹಾಜರುಪಡಿಸಿದ ಸಿ.ಡಿ.ಗಳನ್ನು ಸಾಕ್ಷ್ಯವಾಗಿ ಸ್ವೀಕರಿಸಲಾಗದು ಎಂದು ಅಲ್ಲಿ ತೀರ್ಮಾನವಾಯಿತು. ಎರಡನೆಯದು ಮಹಾರಾಷ್ಟ್ರದ ಜಾಲ್ನಾ ಕ್ಷೇತ್ರದ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣ, 2020ರದ್ದು. ಮೂಲ ಸಾಧನದ ಒಡೆಯರೇ ಸಾಕ್ಷಿಕಟ್ಟೆಗೆ ಬಂದು ಆ ಸಾಧನವನ್ನೇ ಹಾಜರುಪಡಿಸಿದರೆ ಪ್ರಮಾಣಪತ್ರ ಬೇಕಿಲ್ಲ. ಆದರೆ ಮಾಹಿತಿಯು ನ್ಯಾಯಾಲಯಕ್ಕೆ ಹೊತ್ತು ತರಲಾಗದ ಕಂಪ್ಯೂಟರ್ ವ್ಯವಸ್ಥೆಯ ಅಥವಾ ಜಾಲದ ಭಾಗವಾಗಿದ್ದರೆ ಪ್ರಮಾಣಪತ್ರ ಬೇಕೇ ಬೇಕು ಎಂದು ಆ ತೀರ್ಪು ಸ್ಪಷ್ಟಪಡಿಸಿತು. ಜಾಲಕ್ಕೆ ಜೋಡಿಸಿದ ಸಂಗ್ರಹ ಪೆಟ್ಟಿಗೆಯು ಸಾಮಾನ್ಯವಾಗಿ ಈ ಎರಡನೆಯ ವರ್ಗಕ್ಕೇ ಸೇರುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಲ್ಲಿ ಈ ಪ್ರಮಾಣಪತ್ರದ ವಿಧಿಯಿದೆ. ಅನುಸೂಚಿಯಲ್ಲಿ ಅದರ ನಮೂನೆಯೂ ಇದೆ. ನಮೂನೆಗೆ ಎರಡು ಭಾಗಗಳು: ಒಂದನ್ನು ದಾಖಲೆ ಹಾಜರುಪಡಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಸಾಧನದ ತಯಾರಕರು ಯಾರು, ಮಾದರಿ ಯಾವುದು, ಬಣ್ಣ ಯಾವುದು, ಸರಣಿ ಸಂಖ್ಯೆ ಯಾವುದು, ಅನ್ವಯಿಸುವಲ್ಲಿ ಮ್ಯಾಕ್ ಮುಂತಾದ ಗುರುತುಗಳು ಯಾವುವು ಎಂದು ಅದು ಕೇಳುತ್ತದೆ. ದಾಖಲೆಯ ಹ್ಯಾಶ್ ಮೌಲ್ಯವನ್ನೂ ಕೇಳುತ್ತದೆ. ಕಡತದ ಒಳಗಿನ ಮಾಹಿತಿಯಿಂದ ಲೆಕ್ಕಹಾಕಿದ, ಒಂದಕ್ಷರ ಬದಲಾದರೂ ಬದಲಾಗುವ ಸಂಖ್ಯೆ ಅದು. ಕಾನೂನು ಕೇಳುತ್ತಿರುವುದು ಪೆಟ್ಟಿಗೆಯು ಕಚೇರಿಯ ಯಾವ ಮೂಲೆಯಲ್ಲಿತ್ತು ಎಂಬುದನ್ನಲ್ಲ. ಅದು ಯಾವ ಪೆಟ್ಟಿಗೆ ಎಂಬುದನ್ನು.

ಇಲ್ಲೊಂದು ಸೂಕ್ಷ್ಮವಿದೆ. ಕೆಟ್ಟ ಕಂಟ್ರೋಲರನ್ನು ತೆಗೆದು ಹೊಸದನ್ನು ಕೂಡಿಸಿದಾಗ ಪೋರ್ಟುಗಳ ಮ್ಯಾಕ್ ಸಂಖ್ಯೆ ಬದಲಾಗಬಹುದು. ಎರಡು ಕಂಟ್ರೋಲರುಗಳಿರುವ ಹಲವು ಪೆಟ್ಟಿಗೆಗಳಲ್ಲಿ ಐಕ್ಯೂಎನ್ ಇಡೀ ಪೆಟ್ಟಿಗೆಯದ್ದಾಗಿ ಹಾಗೆಯೇ ಉಳಿಯುತ್ತದೆ. ಮ್ಯಾಕ್ ಸಂಖ್ಯೆಯನ್ನು ನೋಡಿ ಐಪಿ ವಿಳಾಸ ಕೊಡುವ ವ್ಯವಸ್ಥೆ ಜಾಲದಲ್ಲಿದ್ದರೆ ಹೊಸ ಕಂಟ್ರೋಲರಿಗೆ ಹಳೆಯ ವಿಳಾಸ ದೊರೆಯದು. ಪೆಟ್ಟಿಗೆ ಕಾಣೆಯಾದಂತೆ ತೋರುತ್ತದೆ. ಬದಲಾವಣೆಯ ದಿನಾಂಕವನ್ನೂ ಹಳೆಯ ಮತ್ತು ಹೊಸ ಸಂಖ್ಯೆಗಳನ್ನೂ ಬರೆದಿಟ್ಟಿಲ್ಲವಾದರೆ, 2 ವರ್ಷಗಳ ಹಿಂದಿನ ಪ್ರಮಾಣಪತ್ರದಲ್ಲಿರುವ ಮ್ಯಾಕ್ ಸಂಖ್ಯೆಗೂ ಇಂದು ಪೆಟ್ಟಿಗೆಯಲ್ಲಿರುವುದಕ್ಕೂ ಹೊಂದಿಕೆಯಾಗದೇಕೆ ಎಂಬ ಪಾಟೀಸವಾಲಿಗೆ ಉತ್ತರಿಸುವವರು ಯಾರು?

ಕನ್ನಡ ಮಾಧ್ಯಮ ಶಾಲೆಗಳಿಗೆ ಇದು ದೂರದ ಮಾತಲ್ಲ. 2015ರ ಬಾಲನ್ಯಾಯ ಕಾಯ್ದೆಯ 94ನೆಯ ಕಲಮಿನಡಿ ವಯಸ್ಸಿನ ನಿರ್ಧಾರಕ್ಕೆ ಮೊದಲು ನೋಡುವ ದಾಖಲೆಗಳಲ್ಲಿ ಶಾಲೆಯು ಕೊಡುವ ಜನ್ಮ ದಿನಾಂಕದ ಪ್ರಮಾಣಪತ್ರವೂ ಸೇರಿದೆ. ಕೇರಳದಲ್ಲಿ ಶಾಲೆ ಆರಂಭವಾದ ಆರನೆಯ ಕೆಲಸದ ದಿನದ ಮಕ್ಕಳ ಲೆಕ್ಕವೇ ಅಧ್ಯಾಪಕರ ಹುದ್ದೆ ನಿರ್ಣಯಕ್ಕೆ ಆಧಾರ. ಕನ್ನಡ ವಿಭಾಗವೊಂದು ಹಿಂದೆ ಇತ್ತು, ಅದರಲ್ಲಿ ಇಷ್ಟು ಮಕ್ಕಳಿದ್ದರು, ಮಾತೃಭಾಷೆ ಕನ್ನಡವೆಂದು ಪೋಷಕರು ಬರೆಸಿದ್ದರು ಎಂದು ವಾದಿಸಬೇಕಾದ ದಿನ ಬಂದರೆ ನೆರವಾಗುವುದು ಭಾಷಣವಲ್ಲ, ಶಾಲೆಯ ದಾಖಲೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದನ್ನು ಕೇಳುವ ಮಕ್ಕಳಿದ್ದಾರೆ ಎಂಬುದನ್ನು ತೋರಿಸಿಕೊಡುವುದು ರಿಜಿಸ್ಟರು.

ಶಾಲೆಯಲ್ಲಿ ಇರಬೇಕಾದ ಪುಸ್ತಕ

ಆದುದರಿಂದ ಆಡಳಿತ ಸಮಿತಿಯೂ ರಕ್ಷಕ-ಶಿಕ್ಷಕ ಸಂಘವೂ ತಂತ್ರಜ್ಞರಿಂದ ಹಣದ ರಶೀದಿಯೊಂದಿಗೆ ಒಂದು ಲಿಖಿತ ವಿವರವನ್ನೂ ಕೇಳಿ ಪಡೆಯಬೇಕು. ಅದಕ್ಕೆ ದೊಡ್ಡ ತಂತ್ರಾಂಶ ಬೇಕಿಲ್ಲ. ಗಟ್ಟಿ ರಟ್ಟಿನ 100 ಪುಟದ ಪುಸ್ತಕ ಸಾಕು. ಮೊದಲ ಪುಟದಲ್ಲಿ ಬದಲಾಗದ ಗುರುತುಗಳು: ಪೆಟ್ಟಿಗೆಯ ತಯಾರಕರು, ಮಾದರಿ, ಸರಣಿ ಸಂಖ್ಯೆ, ಐಕ್ಯೂಎನ್ ಇದ್ದಲ್ಲಿ ಅದು, ಪ್ರತಿ ಡಿಸ್ಕಿನ ಸರಣಿ ಸಂಖ್ಯೆ. ಎರಡನೆಯ ಪುಟದಲ್ಲಿ ಭಾಗ ಬದಲಿಸಿದಾಗ ಬದಲಾಗಬಹುದಾದವು: ಕಂಟ್ರೋಲರಿನ ಸರಣಿ ಸಂಖ್ಯೆ, ಪ್ರತಿ ಪೋರ್ಟಿನ ಮ್ಯಾಕ್ ಸಂಖ್ಯೆ. ಮೂರನೆಯ ಪುಟದಲ್ಲಿ ಸ್ಥಳಕ್ಕೆ ಸೇರಿದವು: ಪ್ರತಿ ಪೋರ್ಟಿನ ಐಪಿ ವಿಳಾಸ, ಸಬ್‌ನೆಟ್, ಗೇಟ್‌ವೇ, ಯಾವ ಕೇಬಲ್ ಯಾವ ಸ್ವಿಚ್ಚಿಗೆ. ನಾಲ್ಕನೆಯ ಪುಟದಲ್ಲಿ ಯಾವ ಕಂಪ್ಯೂಟರಿಗೆ ಯಾವ ವಿಭಾಗ ಎಂಬ ಪಟ್ಟಿ. ಉಳಿದ ಪುಟಗಳಲ್ಲಿ ಬದಲಾವಣೆಗಳು: ದಿನಾಂಕ, ಕಾರಣ, ಹಳೆಯದು, ಹೊಸದು, ಮಾಡಿದವರ ಮತ್ತು ಮುಖ್ಯೋಪಾಧ್ಯಾಯರ ಸಹಿ. ಪಾಸ್‌ವರ್ಡುಗಳನ್ನು ಈ ಪುಸ್ತಕದಲ್ಲಿ ಬರೆಯದೆ ಲಕೋಟೆಯಲ್ಲಿ ಮೊಹರು ಮಾಡಿ ಬೀರುವಿನಲ್ಲಿ ಇರಿಸಬೇಕು.

ಎರಡು ಕಂಟ್ರೋಲರುಗಳ ಪೆಟ್ಟಿಗೆ ಎಲ್ಲ ಶಾಲೆಗಳಲ್ಲಿ ಇರುವುದಿಲ್ಲ. ಎರಡು ಡಿಸ್ಕಿನ ಸಣ್ಣ ಪೆಟ್ಟಿಗೆಗೂ, ಸಿಸಿಟಿವಿಯ ಡಿವಿಆರ್ ಯಂತ್ರಕ್ಕೂ ಈ ಪುಸ್ತಕವೇ ಅನ್ವಯಿಸುತ್ತದೆ. ಕೆಲವು ಅಂಕಣಗಳು ಖಾಲಿ ಉಳಿದಾವು ಅಷ್ಟೆ. ಗುರುತು ಸರಿಯಿದ್ದ ಮಾತ್ರಕ್ಕೆ ಡಿಸ್ಕ್ ಕೆಡದೆಂದಲ್ಲ. ಸ್ಕ್ಯಾನ್ ಮಾಡಿದ ದಾಖಲೆಗಳ ಇನ್ನೊಂದು ಪ್ರತಿಯನ್ನು ಬೇರೆ ಕಟ್ಟಡದಲ್ಲಿ ಇಡಬೇಕು. ಮೂಲ ರಿಜಿಸ್ಟರನ್ನು ಯಾವ ಕಾರಣಕ್ಕೂ ತ್ಯಜಿಸಬಾರದು. ಪೆಟ್ಟಿಗೆಯನ್ನು ವಿಲೇವಾರಿ ಮಾಡುವಾಗಲೂ ಯಾವ ಸರಣಿ ಸಂಖ್ಯೆಯ ಡಿಸ್ಕ್ ಯಾರ ಕೈಗೆ ಹೋಯಿತು ಎಂಬುದನ್ನು ಬರೆದಿಡಬೇಕು; ಅದರಲ್ಲಿ ಮಕ್ಕಳ ಹೆಸರುಗಳಿರುತ್ತವೆ.

ಈ ಪುಸ್ತಕವನ್ನು ಬರೆಯುವ ಕೆಲಸವನ್ನು ಹೈಸ್ಕೂಲಿನ ಮಕ್ಕಳಿಗೇ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ವಹಿಸಬಹುದು. ಪೆಟ್ಟಿಗೆಯ ಹಿಂಬದಿಯ ಚೀಟಿಯಲ್ಲಿರುವ 12 ಅಂಕಗಳನ್ನು ಓದಿ, ಪರದೆಯಲ್ಲಿ ಕಾಣುವ ಅಂಕಗಳೊಂದಿಗೆ ತಾಳೆ ನೋಡಿ, ಕನ್ನಡದಲ್ಲಿ ಶೀರ್ಷಿಕೆ ಬರೆದು ದಾಖಲಿಸಿದ ವಿದ್ಯಾರ್ಥಿನಿಗೆ ಜಾಲ ನಿರ್ವಹಣೆಯ ಮೊದಲ ಪಾಠ ಅಲ್ಲಿಗೆ ಆಯಿತು. ಮುಂದೆ ಆಕೆ ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ನೂರಾರು ಕಂಟ್ರೋಲರುಗಳಿರುವ ಕೋಣೆಯಲ್ಲಿ ನಿಂತಾಗ ಕೇಳಬೇಕಾದ ಪ್ರಶ್ನೆಗಳು ಇವೇ: ಇದು ಎಲ್ಲಿದೆ, ಇದು ಯಾವುದು, ಅದನ್ನು ಯಾರು ಎಲ್ಲಿ ಬರೆದಿಟ್ಟಿದ್ದಾರೆ.